ಎಕುವಾ ಬಾಗಿಲು ತಟ್ಟಿಸಿದ ಮಂಗಳವಾರ

ಕೇಪ್ ಕೋಸ್ಟ್ ಬಳಿಯ ಮೀನುಗಾರರ ಊರು ಎಬೊಕ್ರೊಮ್‌ನ ದೋಣಿಗಳು ಮಂಗಳವಾರ ಕಡಲಿಗೆ ಇಳಿಯುವುದಿಲ್ಲ. ಆ ದಿನ ಕಡಲದೇವರು ತನ್ನ ಸಂಸಾರ ನೋಡಿಕೊಳ್ಳುತ್ತಾನಂತೆ. ನಡುವೆ ಹೋಗಿ ಬಲೆ ಬೀಸಿದರೆ ಕೆರಳುತ್ತಾನಂತೆ. ಗಂಡಸರು ದಂಡೆಯಲ್ಲಿ ಕೂತು ಹರಿದ ಬಲೆ ಹೊಲಿಯುತ್ತಾರೆ. ಮೀನಿಗೆ ಹೊಗೆ ಹಾಕುವ ಹೆಂಗಸರ ಒಲೆಗಳು ತಣ್ಣಗಿರುತ್ತವೆ. ಮಧ್ಯಾಹ್ನ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕೆಂಕೆ ಉಂಡೆ, ಖಾರದ ಗೊಜ್ಜು, ಹುರಿದ ಮೀನು ತಿಂದು ಕೈ ತೊಳೆದವರೆಲ್ಲ ಹಳೇ ಬಲೆ ಗೋದಾಮಿನ ಕಡೆ ಹೊರಡುತ್ತಾರೆ. ಅಲ್ಲಿ ಎಕುವಾ ಒಟೂ ಸಿನಿಮಾ ತೋರಿಸುತ್ತಾಳೆ.

ಎಕುವಾಳಿಗೆ ಅರವತ್ತು ದಾಟಿದೆ. ಅಗಲ ಸೊಂಟ, ದೋಣಿ ಕರೆಯುವಂಥ ಗಂಟಲು, ಹೊಗೆ ಕುಡಿದು ಕೆಂಪಾದ ಕಣ್ಣು. ಗಂಡ ಮೀನು ಹಿಡಿಯಲು ಗಡಿಯಾಚೆಯ ಅಬಿಜಾನ್‌ಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡು, ತನ್ನ ಬದಲಿಗೆ ಒಂದು ಟಿವಿಯನ್ನೂ ಸಿ.ಡಿ. ಹಾಕುವ ಯಂತ್ರವನ್ನೂ ಲಾರಿಯಲ್ಲಿ ಕಳಿಸಿಕೊಟ್ಟ. ಇವಳು ಎದೆ ಬಡಿದುಕೊಂಡು ಅಳುತ್ತಾಳೆಂದು ಊರು ಕಾದು ಕೂತಿತು. ಎಕುವಾ ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಚಿತ್ರ ಬಂತು. "ಇದು ಹೇಳಿದ ಮಾತು ಕೇಳುತ್ತೆ. ಅವನು ಯಾವತ್ತು ಕೇಳಿದ್ದ?" ಅಂದಳು. ಅವತ್ತಿನಿಂದ ಅವಳ ಸಿನಿಮಾ ಶುರುವಾಯಿತು.

ಅದಕ್ಕೂ ಮೊದಲೇ ಊರಿಗೆ ಅವಳು ಬೇರೆ ಕಾರಣಕ್ಕೆ ಗೊತ್ತಿದ್ದಳು. ದೋಣಿಗಳ ಇಂಜಿನ್ನಿಗೆ ಬರಬೇಕಾದ ಎಣ್ಣೆ ದಾರಿಯಲ್ಲೇ ಮಾಯವಾಗುತ್ತಿದ್ದ ಕಾಲ. ಎಕುವಾ ಮೀನಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಎಣ್ಣೆ ಹಂಚುವ ಕಚೇರಿಯ ಮುಂದೆ ಬೋಗುಣಿ ಬಡಿಯುತ್ತಾ ಕೂತಳು. ಅಧಿಕಾರಿ ಹಿಂಬಾಗಿಲಿನಿಂದ ಜಾರಿಕೊಳ್ಳಲು ಹೋದ. ಹಿಂಬಾಗಿಲಲ್ಲೂ ಬೋಗುಣಿಗಳಿದ್ದವು. ಎಣ್ಣೆ ಬಂತು.

ಅವಳ ಗೋದಾಮಿನಲ್ಲಿ ಸಿನಿಮಾ ನೋಡುವ ರೀತಿಯೇ ಬೇರೆ. ಈ ಕರಾವಳಿಯಲ್ಲಿ ಕಥೆ ಹೇಳುವವನನ್ನು ಕೇಳುವವರು ತಡೆಯಬಹುದು. ಯಾರು ಬೇಕಾದರೂ ಎದ್ದು, "ನಿಲ್ಸು ನಿನ್ನ ಕಥೆ! ಆ ದಿನ ನಾನು ಅಲ್ಲೇ ಇದ್ದೆ!" ಎಂದು ಕೂಗಿ ಒಂದು ಹಾಡು ಎತ್ತಿಕೊಳ್ಳಬಹುದು. ಹಾಡು ಮುಗಿಯುವ ತನಕ ಕಥೆಗಾರ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ಜನ "ಮುಂದೆ?" ಎಂದು ಕೇಳಿ ಕಥೆಯನ್ನು ಅವನ ಕೈಗೆ ವಾಪಸು ಕೊಡುತ್ತಾರೆ. ಮುಂದಿನದು ಹೇಳಲಾಗದೆ ತಡಬಡಿಸಿದರೆ ಅವನು ಕಥೆಗಾರನ ಮಣೆ ಬಿಟ್ಟೇಳಬೇಕು. ಬಲ್ಲವರು ಕೂತು ಮುಗಿಸುತ್ತಾರೆ. ಸಿನಿಮಾ ಬಂದ ಮಾತ್ರಕ್ಕೆ ಜನ ಈ ಹಕ್ಕನ್ನು ಬಿಟ್ಟುಕೊಡಲಿಲ್ಲ. ಯಾರಾದರೂ ಎದ್ದು ಕೂಗಿದರೆ ಎಕುವಾ ಗುಂಡಿ ಒತ್ತಿ ಚಿತ್ರ ನಿಲ್ಲಿಸುತ್ತಾಳೆ. ನಾಯಕ ಬಾಯಿ ತೆರೆದುಕೊಂಡು ಪರದೆಯ ಮೇಲೆ ಕಾಯುತ್ತಾನೆ. ಒಮ್ಮೆ ಪಟ್ಟಣದಿಂದ ಬಂದಿದ್ದ ಮೇಷ್ಟ್ರೊಬ್ಬರು ಹಾಡಿನ ನಡುವೆ "ಶ್!" ಅಂದರು. ಕೆಂಕೆ ಮಾರುವ ಮನ್ಸಾ, ಎಕುವಾಳ ಬಾಲ್ಯದ ಗೆಳತಿ, ತಿರುಗಿ ನೋಡಿ, "ಯಾರೋ ಇದು, ಟೈರಿನ ಗಾಳಿ ಬಿಡ್ತಿರೋದು?" ಅಂದಳು. ಮೇಷ್ಟ್ರು ಮುಂದಿನ ವಾರ ತಾವೇ ಒಂದು ಹಾಡು ಕಲಿತುಕೊಂಡು ಬಂದರು.

ಊರಿಗೆ ಹುಚ್ಚು ಹಿಡಿಸಿದ್ದು 'ಉಪ್ಪುಮನೆಯ ಸೊಸೆ' ಎಂಬ ಸಿನಿಮಾ. ಉಪ್ಪು ಮಾರುವವಳ ಮಗಳು ಅಡೋಮಾ ಕೇಪ್ ಕೋಸ್ಟ್‌ನ ಸಿರಿವಂತರ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಅತ್ತೆ ಚಿನ್ನದ ಮಣಿಸರ ಕಾಣೆಯಾಯಿತೆಂದು ಬೀದಿಯ ಜನರನ್ನೆಲ್ಲ ಸೇರಿಸಿ, ಅಡೋಮಾಳನ್ನು ಕಳ್ಳಿ ಎಂದು ಕೂಗಿ ಕೈಗೂಸಿನ ಸಮೇತ ಹೊರಗೆ ಅಟ್ಟುತ್ತಾಳೆ. ಗಂಡ ಕಂಬದ ಹಾಗೆ ನಿಂತು ನೋಡುತ್ತಾನೆ. ಸರವನ್ನು ಗುಟ್ಟಾಗಿ ಅಡವಿಟ್ಟವಳು ಅತ್ತೆಯೇ ಎಂಬುದು ಗೊತ್ತಾಗುವ ಹೊತ್ತಿಗೆ ಆರು ಭಾಗ ಕಳೆದಿದ್ದವು. ಆರನೆಯದರ ಕೊನೆಯಲ್ಲಿ ಅಡೋಮಾ ಅಡವಿನಿಂದ ಬಿಡಿಸಿಕೊಂಡ ಆ ಸರ ಹಿಡಿದು ಅದೇ ಮನೆಯ ಮುಂದೆ ನಿಂತು, ಬಾಗಿಲು ತಟ್ಟಲು ಕೈ ಎತ್ತುತ್ತಾಳೆ. ಅಷ್ಟೇ. ಪರದೆ ಕಪ್ಪಾಗುತ್ತದೆ. 'ಏಳನೆಯ ಭಾಗಕ್ಕಾಗಿ ನಿರೀಕ್ಷಿಸಿ.'

ಅಡೋಮಾ ಕೈ ಎತ್ತಿ ಎರಡು ವರ್ಷವಾಗಿತ್ತು.

ಆ ಆರು ಭಾಗಗಳನ್ನು ಕೂಡಿಸಿ ತೋರಿಸುವುದೇನು ಸುಲಭವಾಗಿತ್ತೆ? ಮೊದಲ ಮೂರು ಸಿ.ಡಿ.ಯಲ್ಲಿ ಬಂದವು. ನಾಲ್ಕನೆಯದು ಒಂದು ಫೋನ್ ಆಪ್‌ಗೆ ಹೋಯಿತು. ಐದನೆಯದು ಆ ಆಪ್‌ನ ಜೊತೆ ಜಗಳವಾಡಿಕೊಂಡಂತೆ ಇನ್ನೊಂದರ ಮನೆ ಸೇರಿತು. ಆರನೆಯದರ ಅರ್ಧ ಕೇಬಲ್ಲಿನಲ್ಲಿ. ಮಿಕ್ಕ ಅರ್ಧಕ್ಕೆ ಮೂರನೆಯ ಆಪ್. ಒಂದೊಂದಕ್ಕೂ ಬೇರೆ ಚಂದಾ, ಬೇರೆ ಪಾಸ್‌ವರ್ಡ್. ಈ ನಡುವೆ ಮೊದಲ ಭಾಗವನ್ನೇ ಹೊಸ ಹುಡುಗಿಯನ್ನು ಹಾಕಿ ಮತ್ತೆ ತೆಗೆದರು. ಅದನ್ನೂ ಹಳೆಯದನ್ನೂ ಬೆರಕೆಯಾಗಿ ನೋಡಿದ ದೋಣಿಯಾಳು ಎಬೊ, ಗಂಡನಿಗೆ ಇಬ್ಬರು ಹೆಂಡಿರು ಎಂದೇ ನಂಬಿ ಬಹಳ ದಿನ ಅವನನ್ನು ಬೈದುಕೊಂಡು ತಿರುಗಿದ. ಮೀನು ಸಿಗದ ವಾರದಲ್ಲೂ ಎಕುವಾ ಈ ಆಪ್‌ಗಳ ಹೊಟ್ಟೆ ತುಂಬಿಸಿದಳು. "ಒಂದು ಮೀನನ್ನ ಆರು ತುಂಡು ಮಾಡಿ, ತಲೆ ಒಂದೂರಲ್ಲಿ, ಬಾಲ ಇನ್ನೊಂದೂರಲ್ಲಿ ಮಾರಿದ್ರೆ ನಮ್ಮ ಮಾರ್ಕೆಟ್ಟಲ್ಲಿ ಹಲ್ಲು ಮುರೀತಾರೆ," ಅನ್ನುತ್ತಿದ್ದಳು.

ಜನಕ್ಕೂ ತಾಳ್ಮೆ ಕೆಟ್ಟಿತ್ತು. ಬರುವವರು ಕಡಿಮೆಯಾದರು. ಬಂದವರು, "ಆಂಟಿ ಎಕುವಾ, ಅಡೋಮಾ ಕೈ ಇಳಿಸಿದ್ಲಾ?" ಎಂದು ಕಿಚಾಯಿಸಿ ಹೋಗುತ್ತಿದ್ದರು.

ಗೋದಾಮು ಮೀನುಗಾರರ ಮುಖ್ಯಸ್ಥ ನಾನಾ ಅಸಾನ್‌ನ ಕೈಯಲ್ಲಿತ್ತು. ನಾನಾ ಅನ್ನುವುದು ಹಿರಿಯರನ್ನು ಕರೆಯುವ ಗೌರವದ ಮಾತು. ಅವನು ಮುದುಕ, ಮಾತು ಕಡಿಮೆ, ಹಳೆಯ ಕಟ್ಟುಪಾಡುಗಳ ವಿಷಯದಲ್ಲಿ ಕಲ್ಲು. ಪಂದ್ಯದ ಬಾಜಿ ಕಟ್ಟಿಸಿಕೊಳ್ಳುವ ಅಂಗಡಿಯ ಏಜೆಂಟನೊಬ್ಬ ಕೆಲವು ದಿನಗಳಿಂದ ಅವನ ಮನೆಯ ಹೊಸಿಲು ಸವೆಸುತ್ತಿದ್ದ. ಗೋದಾಮು ಕೊಟ್ಟರೆ ಗೋಡೆಗೆ ಬಣ್ಣ, ಹೊಸ ತಗಡು, ಸಾಲಾಗಿ ಟಿವಿ ಎಂದು ಆಸೆ ಹಚ್ಚಿದ್ದ. ಒಂದು ಮಂಗಳವಾರ ಪ್ರದರ್ಶನ ಮುಗಿದು ಜನ ಗೊಣಗುತ್ತಾ ಏಳುತ್ತಿದ್ದಾಗ ನಾನಾ ಅಸಾನ್ ಕೋಲೂರಿಕೊಂಡು ಬಂದ.

"ಎಕುವಾ, ನಿನ್ನ ಮೇಲೆ ದೂರು ಬಂದಿದೆ."

"ಯಾರದು ನಾನಾ?"

"ಎಲ್ಲಾರ್ದೂ. ತುದಿ ಇಲ್ಲದ ಕಥೆ ಮಾರ್ತೀಯಂತೆ. ನನ್ನ ಚಾವಣಿ ಕೆಳಗೆ ಮೋಸ ನಡೀಬಾರ್ದು."

"ಮೋಸ ಮಾಡ್ತಿರೋದು ನಾನಲ್ಲ. ಕಥೆ ಮಾಡೋರು."

"ಮೀನು ಕೊಳೆತಿದ್ರೆ ನಾವು ಕಡಲನ್ನ ಬೈತೀವಾ? ಮಾರಿದೋಳ್ನ ಬೈತೀವಿ." ಅವನು ಕೋಲನ್ನು ನೆಲಕ್ಕೆ ಕುಟ್ಟಿದ. "ಮುಂದಿನ ಮಂಗಳವಾರ ಕೊನೆ ತೋರ್ಸು. ಇಲ್ಲಾಂದ್ರೆ ಬೀಗದ ಕೈ ತಂದು ನನ್ನ ಮುಂದಿಡು. ಆ ಹುಡುಗನಿಗೆ ಕೊಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಏಜೆಂಟ್ ಆಗಲೇ ತಗಡುಗಳ ಕಡೆ ಕತ್ತೆತ್ತಿ ನೋಡುತ್ತಿದ್ದ.

ಎಕುವಾ ಅಂಗಲಾಚುವ ಜಾತಿಯಲ್ಲ. "ತೋರಿಸ್ತೀನಿ," ಅಂದಳು. ಎಲ್ಲರ ಮುಂದೆ ಅಂದುಬಿಟ್ಟಳು.

ಮರುದಿನ ಅವಳೂ ಮನ್ಸಾಳೂ ಊರಂಚಿನ ಹಳೇ ಕೋಟೆಯ ಹಿಂದಿನ ಬಂಡೆ ಹತ್ತಿದರು. ಊರಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಎಕುವಾ ಮೂಗಿನ ಮೇಲೆ ಕನ್ನಡಕ ಏರಿಸಿ ಒಂದೊಂದೇ ಆಪ್ ತೆರೆದಳು. ಒಂದರಲ್ಲಿ ಅಡೋಮಾಳ ಹೆಸರೇ ಇಲ್ಲ. ಇನ್ನೊಂದರಲ್ಲಿ ಹೊಸ ಹುಡುಗಿಯ ಸಿನಿಮಾ. ಮೂರನೆಯದರಲ್ಲಿ ಕಡೆಗೂ 'ಏಳನೆಯ ಭಾಗ' ಎಂಬ ಅಕ್ಷರ ಕಂಡಿತು. ಒತ್ತಿದಳು. ಚಕ್ರ ಸುತ್ತಿತು. ಮಾತು ಬಂತು: ಈ ಚಿತ್ರ ನಿಮ್ಮ ದೇಶದಲ್ಲಿ ಲಭ್ಯವಿಲ್ಲ.

"ಏನಂತೆ?" ಮನ್ಸಾ ಕೇಳಿದಳು.

"ನಮ್ಮ ದೇಶದಲ್ಲಿ ಸಿಗಲ್ವಂತೆ."

ಮನ್ಸಾ ಬಂಡೆಯ ಮೇಲಿಂದ ಕೆಳಗೆ ನೋಡಿದಳು. ಕೆಳಗೆ ಉಪ್ಪಿನಾಗರಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಸಿನಿಮಾದವರು ಅಡೋಮಾಳ ತವರುಮನೆ ಅಂತ ತೆಗೆದದ್ದು ಅವುಗಳನ್ನೇ. ಆ ಮೂರು ದಿನ ಅವರಿಗೆಲ್ಲ ಊಟ ಹಾಕಿದವಳು ಮನ್ಸಾಳೇ.

"ಲೇ, ಅದೋ ಅಲ್ಲಿ ಉಪ್ಪು ಬಾಚಿದ್ಲು ಅವಳು. ನನ್ನ ಕೆಂಕೆ ತಿಂದು ಎಲೆ ಆ ಕಲ್ಲಿನ ಹಿಂದೆ ಎಸೆದಿದ್ಲು. ಮತ್ತೆ ಯಾವ ದೇಶದಲ್ಲಿ ಸಿಗ್ತಾಳಂತೆ?"

"ದುಡ್ಡು ಜಾಸ್ತಿ ಇರೋ ದೇಶದಲ್ಲಿ."

"ನಡಿ, ಬೋಗುಣಿ ತಗೊಂಡು ಹೋಗೋಣ."

"ಎಲ್ಲಿಗೆ ಹೋಗ್ತೀಯೇ? ಇವಕ್ಕೆ ಬಾಗಿಲೇ ಇಲ್ಲ. ಮುಂಬಾಗಿಲೂ ಇಲ್ಲ, ಹಿಂಬಾಗಿಲೂ ಇಲ್ಲ. ಯಾವನ ಮುಂದೆ ಕೂತ್ಕೊಂಡು ಬಡಿಯೋದು?"

ಇಷ್ಟು ವರ್ಷದಲ್ಲಿ ಎಕುವಾಳ ಬಾಯಲ್ಲಿ ಅಂಥ ಮಾತು ಬಂದದ್ದನ್ನು ಮನ್ಸಾ ಕೇಳಿರಲಿಲ್ಲ. ಅವಳು ಫೋನನ್ನು ಕಿತ್ತುಕೊಂಡು ತಾನೇ ಬೆರಳಾಡಿಸಿದಳು. ಕಣ್ಣು ಮಂಜು, ಎಲ್ಲೆಲ್ಲೋ ಒತ್ತಿದಳು. ಒಂದು ಜಾಹೀರಾತು ತೆರೆದುಕೊಂಡಿತು: ನಿರ್ಮಾಪಕ ಅಮೊವಾಕೊ ಏಳನೆಯ ಭಾಗದ ಸಿ.ಡಿ. ತಟ್ಟೆ ಹಿಡಿದುಕೊಂಡು, ಹೊಸದಾಗಿ ತಾನೇ ಮಾಡಿದ ಆಪ್‌ನ ಪ್ರಚಾರಕ್ಕೆ ಕರಾವಳಿಯ ಊರೂರಿಗೆ ವ್ಯಾನಿನಲ್ಲಿ ಬರುತ್ತಿದ್ದಾನೆ. ಕೆಳಗೆ ಅವನ ನಂಬರು.

"ಅಗೋ," ಅಂದಳು ಮನ್ಸಾ. "ಇವನಿಗೆ ಬಾಗಿಲಿದೆ. ವ್ಯಾನಿಗೆ ನಾಲ್ಕಿರ್ತವೆ."

ಎಕುವಾ ಅಲ್ಲೇ ನಿಂತು ಫೋನ್ ಮಾಡಿದಳು.

"ಅಪ್ಪಾ ಅಮೊವಾಕೊ, ಎಬೊಕ್ರೊಮ್‌ನಿಂದ ಮಾತಾಡ್ತಿದ್ದೀನಿ. ಮಂಗಳವಾರ ಬಾ. ಊರಿಗೆ ಊರೇ ಬಿಡುವಾಗಿರುತ್ತೆ. ಏಳನೇದರಲ್ಲಿ ಬಾಗಿಲು ತೆಗೀತಾಳಾ ಅತ್ತೆ?"

"ಅಯ್ಯೋ ಮಾಮೆ, ನನ್ನ ತಾಯೀ, ಅದನ್ನ ಫೋನಲ್ಲಿ ಹೇಳಿದ್ರೆ ನಾನು ಏನು ತಿನ್ಲಿ? ಬರ್ತೀನಿ. ಜನಾನ ಸೇರಿಸಿಡಿ."

ಜನರನ್ನು ಸೇರಿಸುವುದನ್ನು ಎಕುವಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಗಳವಾರ ಊಟದ ಹೊತ್ತಿಗೇ ಗೋದಾಮು ತುಂಬಿತು. ಕಿಟಕಿಯ ಸರಳುಗಳಲ್ಲಿ ಮುಖಗಳು ಒತ್ತಿಕೊಂಡವು. ಮುಂದಿನ ಸಾಲಿನಲ್ಲಿ ನಾನಾ ಅಸಾನ್. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಏಜೆಂಟ್, ಜೇಬಿನಲ್ಲಿ ಅಳತೆ ಟೇಪು. ಬೀಗದ ಕೈ ಎಕುವಾಳ ಸೊಂಟದ ಗಂಟಿನಲ್ಲಿತ್ತು. ಹಾಡು ಹಾಕಿಕೊಂಡು ವ್ಯಾನು ಬಂತು. ಬಿಳಿ ಬೂಟು, ಕಪ್ಪು ಕನ್ನಡಕ, ಕೈತುಂಬ ಉಂಗುರ: ಅಮೊವಾಕೊ ಇಳಿದ. ಎಕುವಾ ಅವನನ್ನು ವ್ಯಾನಿನ ಮರೆಗೆ ಕರೆದಳು.

"ನೋಡಪ್ಪ, ನಿಜ ಹೇಳು. ಕಥೆ ಮುಗಿಯುತ್ತಾ ಇದರಲ್ಲಿ?"

ಅಮೊವಾಕೊ ನಕ್ಕ. "ಮುಗಿಸೋದಾ? ಮಾಮೆ, ಮುಗಿಸಿದ್ರೆ ಮುಗೀತು. ಏಳನೇ ಭಾಗ ಪೂರ್ತಿ ಅತ್ತೆಯ ಯೌವನದ ಕಥೆ. ಎಂಟರಲ್ಲಿ ಅತ್ತೆಯ ಅತ್ತೆ. ಆಮೇಲೆ ಎರಡನೇ ಭಾಗನ ಹೊಸಬರನ್ನ ಹಾಕಿ ಮತ್ತೆ ತೆಗೀತೀವಿ."

"ಅಡೋಮಾ?"

"ಅವಳು ಅಲ್ಲೇ ನಿಂತಿರ್ತಾಳೆ. ಕೊನೇಲಿ ಇನ್ನೊಂದ್ಸಲ ಕೈ ತೋರಿಸ್ತೀವಿ. ಜನ ಅದಕ್ಕೇ ಬರೋದು."

"ಬಾಗಿಲು ಯಾರು ತೆಗೀತಾರೆ ಅಂತ ನಿನಗಾದ್ರೂ ಗೊತ್ತಾ?"

"ನನಗೆ ಯಾಕೆ ಗೊತ್ತಿರ್ಬೇಕು?" ಅಂದ ಅಮೊವಾಕೊ, ನಿಜವಾಗಿಯೂ ಅಚ್ಚರಿಪಟ್ಟು.

ಎಕುವಾಳ ಕೈ ಸೊಂಟದ ಗಂಟಿಗೆ ಹೋಯಿತು. ಬೀಗದ ಕೈ ಬೆವರಿಗೆ ಅಂಟಿಕೊಂಡಿತ್ತು. ಒಳಗಿನಿಂದ ಜನ ಬೆಂಚು ಕುಟ್ಟುತ್ತಿದ್ದರು. ಈ ಬೂಟಿನ ಮನುಷ್ಯನನ್ನು ಮರಳಿನಲ್ಲಿ ಹೂತರೂ ಅವನ ಬಾಯಿಂದ ಕೊನೆ ಹೊರಡುವುದಿಲ್ಲ. ಇಲ್ಲದ್ದು ಹೇಗೆ ಹೊರಟೀತು?

ಅಷ್ಟರಲ್ಲಿ ಅಮೊವಾಕೊ ಮೈಕಿಗೆ ಕೈ ಚಾಚಿದ. "ಅರ್ಧ ಜನ ನಾಲ್ಕು ಐದು ನೋಡಿರಲ್ಲ ಅಲ್ವಾ? ಆಪ್ ಇರಲ್ಲ ಪಾಪ. ನಾನೇ ನಿಂತು ಇಲ್ಲಿವರೆಗಿನ ಕಥೆ ಹೇಳ್ತೀನಿ. ನನ್ನ ಗಂಟಲು ಚೆನ್ನಾಗಿದೆ ಅಂತಾರೆ."

ಎಕುವಾ ಅವನ ಮುಖವನ್ನೇ ನೋಡಿದಳು. ಗಂಟಿನಿಂದ ಕೈ ತೆಗೆದಳು.

"ಹೇಳಪ್ಪ, ಹೇಳು," ಅಂದಳು. "ನಿಂತ್ಕೊಂಡು ಯಾಕೆ ಹೇಳ್ತೀಯ? ಕೂರು. ಮನ್ಸಾ, ಆ ಮಣೆ ತಗೊಂಡ್ಬಾರೇ."

ಗೋದಾಮಿನ ಮೂಲೆಯಲ್ಲಿ ಹಳೆಯ ಮಣೆಯೊಂದಿತ್ತು, ಮೂರು ತಲೆಮಾರಿನ ಕಥೆಗಾರರು ಕೂತು ನಡು ಸವೆದಿದ್ದದ್ದು. ಮನ್ಸಾ ಅದನ್ನು ಸೆರಗಿನಿಂದ ಒರೆಸಿ ಪರದೆಯ ಮುಂದೆ ಇಟ್ಟಳು. ಗೆಳತಿಯ ಮುಖ ನೋಡಿದಳು. ಅವಳಿಗೆ ತಿಳಿಯಿತು.

"ನಮ್ಮೂರಲ್ಲಿ ಕಥೆ ಹೇಳೋರು ಮೊದ್ಲು ಒಂದು ಮಾತು ಕೂಗ್ಬೇಕು," ಅಂದಳು ಎಕುವಾ. "ಕಥೆ ನಂಬೋಕಲ್ಲ, ಅಂತ."

ಅಮೊವಾಕೊಗೆ ಇಂಥದ್ದೆಲ್ಲ ಬಹಳ ಇಷ್ಟ. ಮಣೆಯ ಮೇಲೆ ಕಾಲು ಅಗಲಿಸಿ ಕೂತು, ಮೈಕನ್ನು ಬಾಯಿಗಿಟ್ಟುಕೊಂಡು ಅರಚಿದ: "ಕಥೆ ನಂಬೋಕಲ್ಲ!"

"ಎತ್ತಿಟ್ಕೊಳ್ಳೋಕೆ!" ಗೋದಾಮು ತಗಡು ಹಾರುವ ಹಾಗೆ ಉತ್ತರ ಕೊಟ್ಟಿತು.

ನಾನಾ ಅಸಾನ್ ನೆಟ್ಟಗೆ ಕೂತ.

ಅಮೊವಾಕೊ ಚೆನ್ನಾಗಿಯೇ ಹೇಳಿದ, ಸುಳ್ಳಲ್ಲ. ಅತ್ತೆಯ ದನಿಯನ್ನು ಮೂಗಿನಿಂದ ತೆಗೆದ. ಗಂಡ ಕಂಬದ ಹಾಗೆ ನಿಂತದ್ದನ್ನು ಮೈ ಸೆಟೆಸಿ ತೋರಿಸಿದ. ಜನ ನಕ್ಕರು, ಬೈದರು. ಕಡೆಗೆ ಅಡೋಮಾಳನ್ನು ಬಾಗಿಲ ಮುಂದೆ ತಂದು ನಿಲ್ಲಿಸಿ, ಉಂಗುರದ ಕೈಯನ್ನು ಮೇಲೆತ್ತಿದ. "ಅಡೋಮಾ ಕೈ ಎತ್ತಿದ್ಲು..."

"ನಿಲ್ಸು ನಿನ್ನ ಕಥೆ!" ಮನ್ಸಾ ಎದ್ದಳು. "ಆ ದಿನ ನಾನು ಅಲ್ಲೇ ಇದ್ದೆ!"

ಅಮೊವಾಕೊ ತಬ್ಬಿಬ್ಬಾದ. ಹೆಂಗಸರು ಆಗಲೇ ಚಪ್ಪಾಳೆ ಹಿಡಿದಿದ್ದರು. ಮನ್ಸಾ ಸೊಂಟ ತಿರುಗಿಸಿ ಹಾಡಿದಳು:

"ಎತ್ತಿದ ತೋಳು ಸೋತು ಹೋಯ್ತು, ಅಡೋಮಾ,
ಭುಜಕ್ಕೆ ಎಣ್ಣೆ ತಿಕ್ಕೋರ್ಯಾರು?
ಬಾಗಿಲ ಮರಕೆ ಗೆದ್ದಲು ಬಂತು, ಅಡೋಮಾ,
ಬಾಗಿಲು ತಟ್ಟಿ ನೋಡೋರ್ಯಾರು?"

ಊರು ಸೊಲ್ಲು ಹಿಡಿಯಿತು. ಕಿಟಕಿಯ ಹೊರಗಿದ್ದವರು ಸರಳುಗಳನ್ನೇ ಬಡಿದರು. ಹಾಡು ಮುಗಿಯಿತು. ಎಲ್ಲರೂ ಒಟ್ಟಿಗೆ ಕೇಳಿದರು:

"ಮುಂದೆ?"

"ಮುಂದೆ..." ಅಮೊವಾಕೊ ಹಲ್ಲು ಬಿಟ್ಟ. "ಮುಂದಿನದಕ್ಕೇ ಅಲ್ವಾ ಏಳನೇ ಭಾಗ! ಅತ್ತೆ ಚಿಕ್ಕವಳಿದ್ದಾಗ..."

"ಅತ್ತೆ ಚಿಕ್ಕವಳಿದ್ದಾಗ ಅಡೋಮಾ ಹುಟ್ಟೇ ಇರಲಿಲ್ವಲ್ಲೋ!" ಎಬೊ ಕೂಗಿದ. "ಬಾಗ್ಲ ಹತ್ರ ಬಾ! ಮುಂದೆ?"

"ಅದು... ಎಂಟನೇದರಲ್ಲಿ..."

"ಮುಂದೆ?" ಈ ಸಲ ಮುದುಕಿಯರೂ ಸೇರಿಕೊಂಡರು.

ಅಮೊವಾಕೊ ಕನ್ನಡಕ ತೆಗೆದ. ಅವನ ಕಣ್ಣುಗಳು ಸಣ್ಣಗಿದ್ದವು, ದಣಿದಿದ್ದವು. "ಒಂಬತ್ತರಲ್ಲಿ ಯೋಚನೆ ಮಾಡೋಣ ಅಂತಿದ್ದೀವಿ," ಅಂದ.

ನಾನಾ ಅಸಾನ್ ಕೋಲೂರಿ ಎದ್ದ. ಏಜೆಂಟ್ ಅವನ ತೋಳು ಹಿಡಿದು, "ನಾನಾ, ಕೊನೆ ಇಲ್ಲ ಅಂತ ಆಯ್ತಲ್ಲ, ಬೀಗದ ಕೈ ಕೇಳಿ," ಎಂದು ಪಿಸುಗುಟ್ಟಿದ. ಮುದುಕ ತೋಳು ಕೊಡವಿದ.

"ಮಣೆ ಬಿಟ್ಟೇಳಪ್ಪ," ಅಂದ ಅಮೊವಾಕೊಗೆ.

"ಯಾಕೆ? ಕಥೆ ನಂದು! ಹಕ್ಕೆಲ್ಲ ನನ್ನ ಹೆಸರಲ್ಲಿದೆ!"

"ಇರ್ಲಿ. ಆದ್ರೆ ನೀನು ಬಾಯ್ಬಿಟ್ಟು ಕೂಗ್ದೆ, ಊರು ಓಗೊಡ್ತು. ಮೂರು ಸಲ ಕೇಳಿದ್ರೂ ಮುಂದೆ ಹೇಳ್ಲಿಲ್ಲ. ನಮ್ಮಪ್ಪನ್ನೇ ಆ ಮಣೆ ಮೇಲಿಂದ ಎಬ್ಬಿಸಿದ್ದಾರೆ ಈ ಊರಲ್ಲಿ. ನೀನ್ಯಾವ ದೊಡ್ಡ ಮನುಷ್ಯ? ಏಳು."

ಅಮೊವಾಕೊ ಎದ್ದ. ಎಕುವಾ ಬಂದು ಮಣೆಯ ಮೇಲೆ ಕೂತಳು. ಮೈಕನ್ನು ಪಕ್ಕಕ್ಕಿಟ್ಟಳು, ಅವಳ ಗಂಟಲಿಗೆ ಅದು ಬೇಕಿರಲಿಲ್ಲ. ಬೆರಳ ಗೆಣ್ಣಿನಿಂದ ಮಣೆಯನ್ನು ಟಕ್, ಟಕ್, ಟಕ್ ಎಂದು ತಟ್ಟಿದಳು.

"ಅಡೋಮಾ ಬಾಗಿಲು ತಟ್ಟಿದ್ಲು."

ಎರಡು ವರ್ಷ ಹಿಡಿದಿದ್ದ ಉಸಿರನ್ನು ಊರು ಬಿಟ್ಟಿತು. ಯಾರೋ ಹಿಂದಿನಿಂದ "ಅಬ್ಬಾ!" ಅಂದರು.

"ಅತ್ತೆ ಬಾಗಿಲು ತೆಗುದ್ಲು. ಸೊಸೆ ಕೈಲಿ ಸರ ಕಂಡ್ಲು. ಮುಖ ಬೂದಿ ಆಯ್ತು. ಆಮೇಲೆ ಬೆಣ್ಣೆ ಸವರಿದ ಹಾಗೆ ಅಂತಾಳೆ, 'ಬಾ ಮಗಳೇ, ಒಳಗೆ ಬಾ, ಕೂತ್ಕೊಂಡು ಮಾತಾಡೋಣ.' ಅಲ್ಲ ಕಣ್ರೇ, ಕಳ್ಳಿ ಅಂತ ಕೂಗುವಾಗ ಬೀದಿ ತುಂಬ ಕೂಗಿದೋಳು, ಈಗ ಒಳಗೆ ಯಾಕೆ ಕರೀತಾಳೆ?"

"ಯಾರ್ಗೂ ಕೇಳಿಸ್ಬಾರ್ದು ಅಂತ!" ಹೆಂಗಸರೆಲ್ಲ ಒಂದೇ ದನಿಯಲ್ಲಿ.

"ಅಡೋಮಾಗೂ ಅದು ಗೊತ್ತು. ಉಪ್ಪು ತುಳಿದ ಕಾಲು, ಹೊಸಿಲ ಈಚೇನೇ ಊರಿ ನಿಂತ್ಲು. 'ನನ್ನ ಹೊರಗೆ ಹಾಕಿದ್ದು ಬೀದೀಲಿ. ನ್ಯಾಯಾನೂ ಬೀದೀಲೇ ಆಗ್ಲಿ. ಅವತ್ತು ಯಾರ್ಯಾರು ನಿಂತು ನೋಡಿದ್ರೋ ಅವರನ್ನೆಲ್ಲ ಕರೀರಿ,' ಅಂದ್ಲು. ಅತ್ತೆ ಅತ್ಲು. ಅಡೋಮಾ ಕಾದ್ಲು. ಅತ್ತೆ ಎದೆ ಹಿಡ್ಕೊಂಡು ಬಿದ್ಲು. ಅಡೋಮಾ ಕಾದ್ಲು. ಎಷ್ಟು ಹೊತ್ತು ಅಂತ ಬೀಳ್ತಾಳೆ? ಎದ್ಲು."

ನಗೆ ಉಕ್ಕಿತು. ಅಲ್ಲಿ ಎಬೊ ಎದ್ದು, ಆ ದಿನ ತಾನೂ ಅಲ್ಲೇ ಇದ್ದೆನೆಂದು ಕೂಗಿ, ದೋಣಿ ಎಳೆಯುವ ಲಯದಲ್ಲಿ ಒಂದು ಹಾಡು ಹಾಕಿದ. ಮಾತು ಅರ್ಧ ಪೋಲಿ. ಮುದುಕಿಯರು ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕರು. ಜನ "ಮುಂದೆ?" ಅಂದರು. ಎಕುವಾ ತಡವರಿಸಲಿಲ್ಲ.

"ಡಂಗುರದವನು ಬಂದ. ಅವನು ಮುಂದೆ ಬಡೀತಾ ಹೋದ, ಅತ್ತೆ ಹಿಂದೆ ನಡೀತಾ ಹೋದ್ಲು, ಬರೀ ಕಾಲಲ್ಲಿ. ಒಂದೊಂದು ಮೂಲೆಗೂ ನಿಂತು ಅವಳ ಬಾಯಲ್ಲೇ ಹೇಳ್ಬೇಕು: 'ಸರ ಅಡವಿಟ್ಟೋಳು ನಾನು. ಸುಳ್ಳು ಹೇಳ್ದೋಳು ನಾನು.' ಮಾರ್ಕೆಟ್ ತನಕ ಹೇಳಿದ್ಲು. ಉಪ್ಪು ಮಾರೋರ ಸಾಲಲ್ಲಿ ಅಡೋಮಾಳ ಅಮ್ಮ ಕೂತಿದ್ಲಲ್ಲ, ಅವಳ ಮುಂದೆ ನಿಂತು ಇನ್ನೂ ಒಂದ್ಸಲ, ಗಟ್ಟಿಯಾಗಿ."

ಮುಂದಿನ ಸಾಲಿನ ಪಕ್ಕದಲ್ಲಿ ಕೂತಿದ್ದ ಉಪ್ಪಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳಲಿಲ್ಲ. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು, ಅತ್ತೆ ತನ್ನ ಮುಂದೆಯೇ ನಿಂತು ಹೇಳಿದ್ದನ್ನು ಕೇಳಿಸಿಕೊಂಡವಳ ಹಾಗೆ.

"ಗಂಡ?" ಗಂಡಸರ ಕಡೆಯಿಂದ ಕೇಳಿದರು. "ಸೇರಿಸ್ಕೊಂಡ್ಲಾ?"

"ಒದೀಬೇಕು ಅವನಿಗೆ!" ಹೆಂಗಸರ ಕಡೆಯಿಂದ.

"ಪಾಪ, ಹುಡುಗ ಒಳ್ಳೆಯವ್ನೇ!"

"ಒಳ್ಳೆ ಕಂಬ!"

ಎರಡೂ ಕಡೆಯವರು ಬೆಂಚು ಹತ್ತಿದರು. ಎಕುವಾ ಕೈಯೆತ್ತಿದಳು.

"ಗಂಡ ಹಿಂದೆ ಹಿಂದೆ ಬಂದ. 'ನಾನೂ ಬರ್ತೀನಿ' ಅಂದ. ಅಡೋಮಾ ತುಂಬಿದ ಉಪ್ಪಿನ ಬೋಗುಣಿ ಎತ್ತಿ ಅವನ ತಲೆ ಮೇಲೆ ಇಟ್ಲು. 'ಹೊತ್ಕೊಂಡು ಹಿಂದೆ ಬಾ' ಅಂದ್ಲು. ಕಂಬ ನಡೀತು. ಉಪ್ಪು ಕರಗಿ ಕುತ್ತಿಗೆ ಮೇಲೆ ಇಳೀತಾ ಇತ್ತು, ಉರೀತಾ ಇತ್ತು, ನಡೀತು. ತವರುಮನೆ ಮುಂದೆ ಇಳಿಸಿದ. ಅಮ್ಮ ಅವನಿಗೆ ನೀರು ಕೊಟ್ಲು. ಅಡೋಮಾ ಮಗೂನ ಅವನ ತೋಳಿಗೆ ಕೊಟ್ಟು, ಉಪ್ಪು ಬಾಚೋಕೆ ಹೋದ್ಲು. ಮುಗೀತು."

"ಆಂಟಿ, ಪೂರ್ತಿ ಮುಗೀತಾ? ಎಂಟನೇ ಭಾಗ ಇಲ್ವಾ?" ಕಿಟಕಿಯಿಂದ ಒಬ್ಬ.

"ಇಲ್ಲ ಕಣೋ ಕೋತಿ. ಮನೆಗೆ ಹೋಗು." ಎಕುವಾ ಎದ್ದು ನಿಂತಳು. ನಾನಾ ಅಸಾನ್‌ನ ಮುಂದೆ ಬಂದು ಎರಡೂ ಅಂಗೈಗಳನ್ನು ಬಿಡಿಸಿ, ಭಾರವಾದದ್ದೇನನ್ನೋ ಅವನ ಕಾಲ ಬಳಿ ಇಳಿಸುವಂತೆ ಬಗ್ಗಿದಳು. "ನಾನು ಹೊತ್ಕೊಂಡಿದ್ದನ್ನ ಇಳಿಸ್ದೆ ನಾನಾ. ಉಪ್ಪು ಕಡಿಮೆ ಆಗಿದ್ರೆ ನಿಮ್ಮ ಮನೇದು ಹಾಕ್ಕೊಳ್ಳಿ."

ಮುದುಕ ಬಾಗಿ ನೆಲ ಮುಟ್ಟಿದ, ಇಳಿಸಿದ್ದನ್ನು ಊರಿನ ಪರವಾಗಿ ಎತ್ತಿಕೊಳ್ಳುವ ಹಾಗೆ. ಕಥೆ ಊರಿನದಾಯಿತು.

ಏಜೆಂಟ್ ಎದ್ದ. "ಇದೇನು ನಾನಾ? ಕೊನೆ ತೋರಿಸ್ಬೇಕು ಅಂತ ತಾನೇ ಮಾತು? ಪರದೆ ಖಾಲಿ ಇದೆ!"

"ನಾನು ನೋಡ್ದೆ," ಅಂದ ನಾನಾ ಅಸಾನ್. "ಬಾಗಿಲು ತೆರೆದಿದ್ದು ನೋಡ್ದೆ. ಆ ಹೆಂಗಸು ಬರೀ ಕಾಲಲ್ಲಿ ನಡೆದಿದ್ದೂ ನೋಡ್ದೆ. ನಿನಗೆ ಕಾಣ್ಲಿಲ್ಲ ಅಂದ್ರೆ ಕಣ್ಣಾಸ್ಪತ್ರೆ ಕೇಪ್ ಕೋಸ್ಟ್‌ನಲ್ಲಿದೆ, ಬಸ್ಸು ಈಗ ಬರುತ್ತೆ."

ಅಳತೆ ಟೇಪು ಜೇಬಿನಲ್ಲೇ ಉಳಿಯಿತು. ಮನ್ಸಾ ಅವನ ಕೈಗೆ ಒಂದು ಕೆಂಕೆ ಉಂಡೆ ತುರುಕಿ, "ದಾರಿಗಾಯ್ತು, ತಗೋ," ಅಂದಳು.

ಅಮೊವಾಕೊ ತಟ್ಟೆ ಹಿಡಿದು ನಿಂತೇ ಇದ್ದ. "ಏಳನೇದು ಹಾಕ್ಲಾ?" ಎಂದು ಕೇಳಿದ. ಯಾರೂ ಸಿಟ್ಟಾಗಲಿಲ್ಲ. ಹೆಂಗಸರು ಬೆಂಚುಗಳನ್ನು ಸರಿಸಿ ಕಸ ಗುಡಿಸತೊಡಗಿದ್ದರು. "ಅದು ಮುಗೀತಲ್ಲಪ್ಪ," ಅಂದಳು ಒಬ್ಬಳು, ಊಟವಾದ ಮೇಲೆ ಬಂದ ನೆಂಟನಿಗೆ ಹೇಳುವ ಹಾಗೆ.

ಅವನು ವ್ಯಾನು ಹತ್ತಿ ಮುಂದಿನೂರಿಗೆ ಹೋದ. ಆದರೆ ಎಬೊಕ್ರೊಮ್‌ನ ಹೊಗೆಮೀನು ಬೆಳಗಾಗುವ ಮೊದಲೇ ಲಾರಿಗಳಲ್ಲಿ ಕರಾವಳಿಯುದ್ದಕ್ಕೂ ಹೋಗುತ್ತದೆ. ಬುಟ್ಟಿಯ ಜೊತೆ ಹೆಂಗಸರು ಹೋಗುತ್ತಾರೆ, ಹೆಂಗಸರ ಜೊತೆ ಬಾಯಿ ಹೋಗುತ್ತದೆ. ಸಾಲ್ಟ್‌ಪಾಂಡ್ ಪಟ್ಟಣದಲ್ಲಿ ವ್ಯಾನು ನಿಂತಾಗ ಅಲ್ಲಿನವರು, "ಅಡೋಮಾ ಬಾಗಿಲು ತಟ್ಟಿಯಾಯ್ತು, ನಿನಗೆ ಇನ್ನೂ ಗೊತ್ತಿಲ್ವಾ?" ಅಂದರು. ವಿನ್ನೆಬಾದಲ್ಲಿ ಕಥೆ ಬಾಯಿಂದ ಬಾಯಿಗೆ ಹೋಗಿ ಗಂಡನ ತಲೆಯ ಮೇಲೆ ಎರಡು ಬೋಗುಣಿ ಏರಿದ್ದವು. ಏಳನೆಯ ಭಾಗ ಖಾಲಿ ಕುರ್ಚಿಗಳಿಗೆ ಅತ್ತೆಯ ಯೌವನ ತೋರಿಸಿತು.

ಅಮೊವಾಕೊ ಫೋನ್ ಮಾಡಿದ.

"ಮಾಮೆ, ನಿಮ್ಮ ಕೊನೇನ ತೆಗೀಬೇಕು ಅಂತಿದ್ದೀನಿ. ಎಲ್ಲಿ ಹೋದ್ರೂ ಅದನ್ನೇ ಕೇಳ್ತಾರೆ."

"ನನ್ನದಲ್ಲ, ಊರಿನದು. ಊರಿಗೆ ಬಂದು ಕೇಳು. ಕೊಟ್ರೆ ಇಲ್ಲೇ ತೆಗಿ. ಕೊನೇಲಿ 'ಮುಗಿಯಿತು' ಅಂತ ದೊಡ್ಡಕ್ಷರದಲ್ಲಿ ಹಾಕು. ತಟ್ಟೆ ಮೊದ್ಲು ನಮ್ಮ ಗೋದಾಮಿಗೆ, ಆಮೇಲೆ ನಿನ್ನ ಆಪೋ ಗೀಪೋ ಎಲ್ಲಾದ್ರೂ ಹಾಕ್ಕೋ."

"ಆಮೇಲೆ ಇನ್ನೊಂದು ಭಾಗ..."

"ಬೋಗುಣಿ ಸದ್ದು ಕೇಳಿದ್ದೀಯಾ ನೀನು?"

ಅವನು ಕೇಳಿರಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇದ್ದಂತಿರಲಿಲ್ಲ. ಬಂದ. ನಾನಾ ಅಸಾನ್‌ನ ಮುಂದೆ ಬೂಟು ಬಿಚ್ಚಿ ಕೇಳಿದ. ಊರು ಒಪ್ಪಿತು. ಉಪ್ಪಿನಾಗರದಲ್ಲಿ, ಮಾರ್ಕೆಟ್ಟಿನಲ್ಲಿ ಚಿತ್ರ ತೆಗೆದರು. ಅತ್ತೆ ಡಂಗುರದ ಹಿಂದೆ ನಡೆಯುವಾಗ ಬೀದಿಯ ಎರಡೂ ಕಡೆ ನಿಂತವರು ನಟರಲ್ಲ, ಎಬೊಕ್ರೊಮ್‌ನ ಮೀನಿನ ಹೆಂಗಸರೇ. ಅವರಿಗೆ ಹೇಗೆ ನೋಡಬೇಕೆಂದು ಯಾರೂ ಕಲಿಸಬೇಕಾಗಲಿಲ್ಲ.

ಮಳೆ ಕಳೆದ ಮೇಲೆ ಒಂದು ಮಂಗಳವಾರ ತಟ್ಟೆ ಬಂತು. ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ; ಬೀಗದ ಕೈ ಎಕುವಾಳ ಸೊಂಟದಲ್ಲೇ ಇತ್ತು. ಪರದೆಯ ಮೇಲೆ ಬಾಗಿಲು ತೆರೆಯಿತು, ಡಂಗುರ ಬಡಿಯಿತು, ಬರಿಗಾಲಿನ ಅತ್ತೆ ಮೂಲೆ ತಿರುಗಿದಳು. ಜನರ ನಡುವೆ, ತಲೆಯ ಮೇಲೆ ಕೆಂಕೆ ಬುಟ್ಟಿ ಹೊತ್ತು ಹುಬ್ಬು ಗಂಟಿಕ್ಕಿ ನಿಂತ ಒಬ್ಬಳು ಕಂಡಳು.

ಮನ್ಸಾ ಬೆಂಚಿನ ಮೇಲೆ ಹತ್ತಿ ನಿಂತಳು.

"ನಿಲ್ಸು ನಿನ್ನ ಕಥೆ! ಆ ದಿನ ನಾನು ಅಲ್ಲೇ ಇದ್ದೆ!"

ಎಕುವಾ ಗುಂಡಿ ಒತ್ತಿದಳು.